ಹದಿನಾಲ್ಕು ದಿನದ ಹಾಜರಿ

ಎರಡು ಸಾವಿರದ ಏಳನೇ ಇಸವಿಯ ಜುಲೈ ತಿಂಗಳಿಂದ ಗಂಗಾಧರಪ್ಪ ಮೇಷ್ಟ್ರ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಬೆಳಿಗ್ಗೆ ಒಂಬತ್ತಕ್ಕೇ ಮುಗಿದುಹೋಗುತ್ತಿತ್ತು. ಸೊಸೆ ಭುವನಾ ಸಾರು ಕುದಿಸಿ, ಅಕ್ಕಿರೊಟ್ಟಿ ಬೇಯಿಸಿ ಡಬ್ಬಿಗೆ ಹಾಕಿ, ಮಗಳು ಮೇಘಶ್ರೀಗೆ ಜಡೆ ಹಾಕಿ ಶಾಲೆಗೆ ಕಳಿಸಿ, ಹತ್ತಕ್ಕೆ ಸರಿಯಾಗಿ ಗೋಣಿಬೀಡಿನ ಬಸ್ ಸ್ಟಾಪಿನ ಪಕ್ಕ ಗಂಡನ ಜೆರಾಕ್ಸ್, ಇಂಟರ್ನೆಟ್ ಅಂಗಡಿಯಲ್ಲಿ ಇರಬೇಕಿತ್ತು. ಹತ್ತಕ್ಕೆ ಕರೆಂಟು ಬರುತ್ತಿತ್ತು. ಒಂದಕ್ಕೆ ಹೋಗುತ್ತಿತ್ತು. ಸಂಜೆ ಬಂದರೂ ದೀಪ ಉರಿಯುವಷ್ಟು ಮಾತ್ರ, ಕಂಪ್ಯೂಟರ್ ಏಳುವಷ್ಟಲ್ಲ.

"ಒಂಬತ್ತಕ್ಕೆ ಬೇಯಿಸಿದ ರೊಟ್ಟಿ ಒಂದೂವರೆಗೆ ತಿಂದ್ರೆ ಹಲ್ಲಿಗೆ ಕೆಲಸ, ಹೊಟ್ಟೆಗೆ ರಜೆ," ಎಂದರು ಅತ್ತೆ ಗಿರಿಜಾಂಬಾ.

"ಬಿಸಿ ಮಾಡ್ಕೊಳ್ಳಿ ಅತ್ತೆ, ಒಲೇಲಿ ಕೆಂಡ ಇರುತ್ತೆ."

"ಕೆಂಡ ಊದೋಕೆ ಸೊಸೆ ತಂದ್ಕೊಂಡೆ ಅಂತ ಅಂದ್ಕೊಂಡಿದ್ದೆ. ಈಗ ನಾನೇ ಊದ್ಬೇಕು. ಅವನ ಅಂಗಡೀಲಿ ನಿಂಗೇನು ಅಷ್ಟು ಕೆಲಸ? ಜೆರಾಕ್ಸ್ ತೆಗೆಯೋಕೆ ಗಂಡ ಹೆಂಡ್ತಿ ಇಬ್ರೂ ಬೇಕಾ?"

ಭುವನಾ ಕೊಡೆ ತೆಗೆದುಕೊಂಡು ಹೊರಟಳು. ಕೆಲಸ ಏನೆಂದು ಮನೆಯಲ್ಲಿ ಹೇಳಬಾರದೆಂದು ಗಂಡ ಶಶಿಧರ್ ಹೇಳಿದ್ದ. ಹೇಳಿದರೆ ಅಪ್ಪನ ಕಿವಿಗೆ ಹೋಗುತ್ತದೆ.

ಕೆಲಸ ಇಷ್ಟೇ. ಅದುವರೆಗೆ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ತರಬೇತಿ ಎಂದರೆ ಮೂಡಿಗೆರೆಯಲ್ಲಿ ಹತ್ತು ದಿನದ ಶಿಬಿರ. ಒಂದು ಸಭಾಂಗಣ, ಅರವತ್ತು ಜನ, ಗೋಂದು, ಬಣ್ಣದ ಕಾಗದ, ಮಧ್ಯಾಹ್ನ ಚಿತ್ರಾನ್ನ. ಆ ಶಿಬಿರದಲ್ಲಿ ಹನ್ನೆರಡು ವರ್ಷ ಪಾಠ ಹೇಳಿದವರು ಗಂಗಾಧರಪ್ಪನವರೇ. ಕಾಫಿ ಬೀಜ ಹತ್ತರ ಗುಂಪು ಕಟ್ಟಿಸಿ ಕಳೆಯುವ ಲೆಕ್ಕ ಕಲಿಸುವುದರಲ್ಲಿ ಅವರಿಗೆ ತಾಲ್ಲೂಕಿನಲ್ಲೇ ಹೆಸರಿತ್ತು. ಈಗ ಮೇಲಿನಿಂದ ಸುತ್ತೋಲೆ ಬಂದಿತ್ತು: ಅಷ್ಟೊಂದು ಸಾವಿರ ಶಿಕ್ಷಕರನ್ನು ಶಿಬಿರಕ್ಕೆ ಕರೆಸುವುದು ಬೇಡ, ಇನ್ನು ಮುಂದೆ ತರಬೇತಿ ಇಂಟರ್ನೆಟ್ಟಿನಲ್ಲಿ. ಪ್ರತಿಯೊಬ್ಬರಿಗೂ ಒಂದು ನಂಬರು, ಒಂದು ಗುಟ್ಟಿನ ಪದ. ಹದಿನಾರು ಪಾಠ, ಪ್ರತಿ ಪಾಠದ ಕೊನೆಗೆ ಹತ್ತು ಪ್ರಶ್ನೆ. ದಿನಕ್ಕೆ ಒಂದೇ ಪಾಠ ತೆರೆಯುತ್ತದೆ. ಸೆಪ್ಟೆಂಬರ್ ಕೊನೆಯೊಳಗೆ ಮುಗಿಸದವರಿಗೆ ಇನ್‌ಕ್ರಿಮೆಂಟ್ ಇಲ್ಲ. ನಿವೃತ್ತಿಗೆ ಹತ್ತಿರ ಇರುವವರ ಪಿಂಚಣಿ ಕಾಗದ ಈ ಸರ್ಟಿಫಿಕೇಟ್ ಇಲ್ಲದೆ ಮುಂದೆ ಹೋಗುವುದಿಲ್ಲ.

ಗಂಗಾಧರಪ್ಪ ಬರುವ ಜನವರಿಗೆ ನಿವೃತ್ತಿ.

ಸುತ್ತೋಲೆ ಬಂದ ಎಂಟು ದಿನಕ್ಕೆ ಏಕಾಂತಪ್ಪ ಎನ್ನುವ ಮೇಷ್ಟ್ರು ಶಶಿಧರನ ಅಂಗಡಿಗೆ ಬಂದು, ಇಪ್ಪತ್ತೈದು ಜನರ ನಂಬರು, ಗುಟ್ಟಿನ ಪದ ಬರೆದ ಹಾಳೆ ಮೇಜಿನ ಮೇಲೆ ಇಟ್ಟಿದ್ದರು.

"ನೀನೇ ಮಾಡ್ಬಿಡು ಮಾರಾಯ. ನಮಗೆ ಆ ಇಲಿ ಹಿಡಿಯೋಕೇ ಬರಲ್ಲ. ಎಡಕ್ಕೆ ತಳ್ಳಿದ್ರೆ ಮೇಲೆ ಹೋಗುತ್ತೆ."

"ಪ್ರಶ್ನೆಗೆ ಉತ್ತರ ನಂಗೆಲ್ಲಿ ಗೊತ್ತು ಸಾರ್?"

"ನಿನ್ನ ಹೆಂಡ್ತಿ ಟಿಸಿಎಚ್ ಮಾಡಿದೋಳಲ್ವ?"

ಮಾಡಿದವಳು ಹೌದು. ತೊಂಬತ್ತಾರರಲ್ಲಿ ಮಾಡಿದ್ದಳು, ಮೊದಲ ದರ್ಜೆ. ಶಿಕ್ಷಕಿಯ ಕೆಲಸ ಮಾತ್ರ ಸಿಕ್ಕಿರಲಿಲ್ಲ. ಎರಡು ಸಲ ಪಟ್ಟಿ ಬಂದಾಗಲೂ ಹತ್ತಿರ ಬಂದು ತಪ್ಪಿಹೋಯಿತು, ಆಮೇಲೆ ಅರ್ಜಿ ಹಾಕುವುದೂ ನಿಂತಿತು. ಹೀಗೆ ಪಾಠ ಹೇಳುವ ಇಪ್ಪತ್ತೈದು ಜನರ ತರಬೇತಿಯನ್ನು ಪಾಠ ಹೇಳದ ಭುವನಾ ಪಡೆಯತೊಡಗಿದಳು.

ಅವಳಿಗೆ ಅದು ಹಿಡಿಸಿತು ಎನ್ನುವುದೇ ಆಶ್ಚರ್ಯ. ಮೊದಲ ವಾರ ಹೆದರಿ ಒತ್ತುತ್ತಿದ್ದವಳು ಎರಡನೇ ವಾರ ಪಾಠ ಪೂರ್ತಿ ಓದತೊಡಗಿದಳು. ಭಿನ್ನರಾಶಿಯ ಪಾಠ ಓದಿ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಮಗಳ ತಟ್ಟೆಯ ರೊಟ್ಟಿಯನ್ನು ನಾಲ್ಕು ಚೂರು ಮಾಡಿದಳು.

"ಇದರಲ್ಲಿ ಮೂರು ಚೂರು ತಿಂದ್ರೆ ಎಷ್ಟು ತಿಂದ ಹಾಗೆ?"

"ಹೊಟ್ಟೆ ತುಂಬದಷ್ಟು," ಎಂದಳು ಮೇಘಶ್ರೀ.

ಗಂಗಾಧರಪ್ಪ ಜೋರಾಗಿ ನಕ್ಕರು. "ಒಳ್ಳೇ ಉತ್ತರ! ಭುವನಾ, ಇದನ್ನೆಲ್ಲಿ ಕಲಿತೆ? ನಮ್ಮ ಹೊಸ ಪಾಠದಲ್ಲೂ ಹೀಗೇ ಇದೆಯಂತೆ."

ಭುವನಾ ಸಾರಿನ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋದಳು.

ಗಂಗಾಧರಪ್ಪನವರದು ಬಾಳೂರಿನ ಆಚೆ ಎಸ್ಟೇಟುಗಳ ನಡುವೆ ಇರುವ ಒಂದೇ ಕೊಠಡಿಯ ಶಾಲೆ. ಇಪ್ಪತ್ತಮೂರು ಮಕ್ಕಳು, ಎಲ್ಲ ಕಾಫಿ ತೋಟದ ಆಳುಗಳ ಮಕ್ಕಳೇ. ಮೇಷ್ಟ್ರು ಇವರೊಬ್ಬರೇ. ಬಿಸಿಯೂಟ ಮಾಡುವವಳು ತಂಗಮ್ಮ. ದಿನಾ ಆರೂವರೆಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಏಳರ ಬಸ್ಸಿಗೆ ಹೊರಟು ಮೂಡಿಗೆರೆಯಲ್ಲಿ ಬಸ್ ಬದಲಿಸಿ, ಕ್ರಾಸಿನಿಂದ ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ಮೂರು ಮೈಲಿ ನಡಿಗೆ. ಇಂಥವರು ತರಬೇತಿಯನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದುಂಟೆ? ಭಾನುವಾರ ತಾವೇ ಅಂಗಡಿಗೆ ಬಂದು ಕೂತರು.

ಆ ಭಾನುವಾರ ಹತ್ತಕ್ಕೆ ಕೂತವರು ಒಂದು ಗಂಟೆಗೆ ಕರೆಂಟು ಹೋಗುವ ಹೊತ್ತಿಗೆ ಒಂದು ಪಾಠ ಮುಗಿಸಿದರು. ಮುಂದಿನ ಭಾನುವಾರ ಇನ್ನೊಂದು. ಮೂರನೇ ಭಾನುವಾರ ಗಾಳಿಗೆ ಮರ ಬಿದ್ದು ತಂತಿ ಹರಿದು ದಿನವಿಡೀ ಕರೆಂಟೇ ಇಲ್ಲ. ಶಶಿಧರ್ ಕ್ಯಾಲೆಂಡರ್ ನೋಡಿದ. ಸೆಪ್ಟೆಂಬರ್ ಕೊನೆಗೆ ಉಳಿದಿದ್ದ ಭಾನುವಾರ ಹತ್ತು. ಪಾಠ ಹದಿನಾಲ್ಕು.

"ಅಪ್ಪಾಜಿದೂ ನೀನೇ ಮಾಡ್ಬಿಡು," ಎಂದ ಹೆಂಡತಿಗೆ.

"ಬೇಡ ಕಣ್ರೀ. ಮಾವನಿಗೆ ಗೊತ್ತಾದ್ರೆ ಮನೇಲಿ ನೀರೂ ಮುಟ್ಟಲ್ಲ."

"ಹೇಗೆ ಗೊತ್ತಾಗುತ್ತೆ? ಮುಗಿದಿರೋ ಪಾಠವನ್ನ ಮತ್ತೆ ತೆಗೆದ್ರೆ ಯಾವುದಕ್ಕೆ ಒತ್ತಿದ್ರೂ ಸರಿ ಉತ್ತರವೇ ಹಸಿರಾಗುತ್ತೆ, ನೋಡಿದೀಯಲ್ಲ. ಭಾನುವಾರ ಬರ್ತಾರೆ, ಒತ್ತುತಾರೆ, ಖುಷಿಯಾಗಿ ಹೋಗ್ತಾರೆ. ಯಾರಿಗೇನು ನಷ್ಟ?"

"ನನಗೆ ಸರಿ ಕಾಣಲ್ಲ."

"ಪಿಂಚಣಿ ನಿಂತ್ರೆ ಸರಿ ಕಾಣುತ್ತಾ? ಮೂವತ್ತಮೂರು ವರ್ಷ ಆ ಗುಡ್ಡ ಹತ್ತಿದ್ದಾರೆ. ಈ ಡಬ್ಬದ ಮುಂದೆ ಸೋತು ಮನೆಗೆ ಬರ್ಬೇಕಾ?"

ಭುವನಾ ಮಾಡಿದಳು. ಬೇರೆಯವರದ್ದಕ್ಕಿಂತ ಹೆಚ್ಚು ಗಮನ ಕೊಟ್ಟು ಮಾಡಿದಳು. ಹದಿನಾಲ್ಕು ದಿನ, ಹದಿನಾಲ್ಕು ಪಾಠ.

ಗಂಗಾಧರಪ್ಪ ಭಾನುವಾರಗಳಂದು ಬಂದು ಕೂತು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಒತ್ತಿದರು. ಹಸಿರು ಬಂತು. ಮತ್ತೆ ಒತ್ತಿದರು. ಮತ್ತೆ ಹಸಿರು. ಅವರ ಕೈ ಚುರುಕಾಯಿತು, ಒಂದೇ ಭಾನುವಾರ ಎರಡು ಮೂರು ಪಾಠ ಆಗತೊಡಗಿತು. ದಿನಕ್ಕೆ ಒಂದೇ ಎಂಬ ನಿಯಮ ಸಡಿಲಿಸಿದ್ದಾರೆ ಎಂದು ಮಗ ಹೇಳಿದ, ಅವರು ನಂಬಿದರು.

"ಐವತ್ತೇಳನೇ ವಯಸ್ಸಿಗೆ ನೂರಕ್ಕೆ ನೂರು, ಗಿರಿಜಾ! ಟಿಸಿಎಚ್‌ನಲ್ಲೂ ಬಂದಿರ್ಲಿಲ್ಲ."

"ಮೊದಲು ಕನ್ನಡಕ ಒರೆಸ್ಕೊಳ್ಳಿ, ಸಾರಿನ ಆವಿ ಕೂತಿದೆ," ಎಂದರು ಗಿರಿಜಾಂಬಾ. ಆದರೆ ಆ ದಿನ ಕಳಲೆ ಪಲ್ಯ ಎರಡು ಸಲ ಬಡಿಸಿದರು.

ಒಂದೇ ಒಂದು ಸಲ ಗಂಗಾಧರಪ್ಪನವರಿಗೆ ಗೊಂದಲವಾಯಿತು. ಮಗುವೊಂದು ಒಂದು ವಾರದಿಂದ ಶಾಲೆಗೆ ಬಂದಿಲ್ಲ, ಶಿಕ್ಷಕರು ಮೊದಲು ಏನು ಮಾಡಬೇಕು ಎಂಬ ಪ್ರಶ್ನೆ. ಅವರು 'ಮಗುವಿನ ಮನೆಗೆ ಹೋಗಬೇಕು' ಎನ್ನುವುದನ್ನು ಒತ್ತಿದರು. 'ಹಾಜರಿ ಪುಸ್ತಕದಲ್ಲಿ ನಮೂದಿಸಿ ವರದಿ ಮಾಡಬೇಕು' ಎನ್ನುವುದು ಹಸಿರಾಯಿತು.

"ಶಶಿ, ನಾನು ಇದನ್ನ ಒತ್ತಲಿಲ್ಲ ಕಣೋ."

"ಕೈ ಜಾರಿರುತ್ತೆ ಅಪ್ಪಾಜಿ. ಮುಂದಿನದು ಒತ್ತಿ."

ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಸರ್ಟಿಫಿಕೇಟು ಬಂತು. ಗಿರಿಜಾಂಬಾ ಶಾವಿಗೆ ಪಾಯಸ ಮಾಡಿದರು. ಗಂಗಾಧರಪ್ಪ ಅದನ್ನು ಪಿಂಚಣಿ ಕಾಗದದ ಜೊತೆ ಸೇರಿಸಿ ಮೂಡಿಗೆರೆಯ ಕಚೇರಿಗೆ ಕೊಟ್ಟು ಬಂದರು.

ನೋಟಿಸು ಬಂದದ್ದು ಅಕ್ಟೋಬರ್ ಕೊನೆಯ ವಾರ. ಇವರೊಬ್ಬರಿಗೇ ಅಲ್ಲ, ಇಪ್ಪತ್ತಾರು ಜನಕ್ಕೂ. ಎಲ್ಲೋ ದೊಡ್ಡ ಊರಿನಲ್ಲಿ ಕೂತು ಪಾಠ ನಡೆಸುವ ಯಂತ್ರ, ಯಾರು ಯಾವ ದಿನ ಎಷ್ಟು ಗಂಟೆಗೆ ಎಲ್ಲಿಂದ ಯಾವ ಪಾಠ ತೆರೆದರು ಎಂದು ನಿಮಿಷ ಸಮೇತ ಬರೆದಿಟ್ಟುಕೊಂಡಿತ್ತು. ಅದು ಬರೆದಿಟ್ಟುಕೊಳ್ಳುತ್ತದೆ ಎಂದು ಗೋಣಿಬೀಡಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಂಗಾಧರಪ್ಪನವರ ನೋಟಿಸಿನಲ್ಲಿ ಹದಿನಾಲ್ಕು ತಾರೀಖುಗಳಿದ್ದವು, ಎಲ್ಲ ಶಾಲೆಯ ದಿನಗಳೇ, ಎಲ್ಲ ಹತ್ತರಿಂದ ಒಂದರ ನಡುವೆಯೇ. 'ಆ ಹೊತ್ತಿನಲ್ಲಿ ತಾವು ಗೋಣಿಬೀಡಿನಲ್ಲಿ ಕಂಪ್ಯೂಟರ್ ಮುಂದೆ ಇದ್ದಿರಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಹಾಜರೆಂದು ಸಹಿ ಮಾಡಿದ್ದೀರಿ. ಏಳು ದಿನದೊಳಗೆ ವಿವರಣೆ ಕೊಡುವುದು.'

ಗಂಗಾಧರಪ್ಪ ಅದನ್ನು ಓದಿ ನಕ್ಕರು. ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಕೊಟ್ಟರು.

"ಯಂತ್ರಕ್ಕೂ ತಲೆ ಕೆಡುತ್ತೆ ಅಂತ ಗೊತ್ತಿರ್ಲಿಲ್ಲ. ನಾನು ಬಂದಿದ್ದು ಬರೀ ಭಾನುವಾರ. ನೀನೇ ಸಾಕ್ಷಿ. ನಾಳೆ ಬರೀತೀನಿ, ನನ್ನ ಮಗನ ಅಂಗಡಿಗೆ ಬಂದು, ಬಂದೋರ ಹೆಸರು ಬರೆಯೋ ಪುಸ್ತಕ ನೋಡ್ಕೊಳ್ಳಿ ಅಂತ."

ಶಶಿಧರ್ ನೋಟಿಸನ್ನು ಓದಿದ. ಮಡಚಿ ತಟ್ಟೆಯ ಪಕ್ಕ ಇಟ್ಟ.

"ಏನೋ? ಮಾತಾಡೋ."

"ಮಾವ," ಎಂದಳು ಭುವನಾ. ಅವಳು ಗೋಡೆ ಹಿಡಿದು ನಿಂತಿದ್ದಳು. "ಅದು ನೀವಲ್ಲ. ನಾನು."

ಪೂರ್ತಿ ಹೇಳಲು ಐದು ನಿಮಿಷ ಬೇಕಾಯಿತು. ಇಪ್ಪತ್ತೈದು ಜನರ ಹಾಳೆ, ಕರೆಂಟಿನ ಹೊತ್ತು, ಮುಗಿದ ಪಾಠ ತೆರೆದಾಗ ಬರುವ ಹಸಿರು. ಅವಳು ಮುಗಿಸಿದ ಮೇಲೆ ಗಂಗಾಧರಪ್ಪ ಒಂದೇ ಪ್ರಶ್ನೆ ಕೇಳಿದರು.

"ಆ ಶಾಲೆಗೆ ಬಾರದ ಮಗುವಿನ ಪ್ರಶ್ನೆ. ಹಾಜರಿ ಪುಸ್ತಕದಲ್ಲಿ ಬರೀಬೇಕು ಅಂತ ಯಾಕೆ ಒತ್ತಿದೆ?"

"ಮೊದಲನೆಯವರಿಗೆ ಮನೆಗೆ ಹೋಗ್ಬೇಕು ಅಂತಲೇ ಒತ್ತಿದೆ ಮಾವ. ತಪ್ಪು ಅಂತ ಒಂದು ಮಾರ್ಕು ಕಳೀತು. ಆಮೇಲೆ ಎಲ್ಲರಿಗೂ ಅದು ಹೇಳಿದ್ದನ್ನೇ ಒತ್ತಿದೆ."

"ಹೂಂ. ಇಪ್ಪತ್ತಾರು ಸಲ ಓದಿದೀಯ. ಈ ತಾಲ್ಲೂಕಲ್ಲಿ ತರಬೇತಿ ಆಗಿರೋ ಟೀಚರು ನೀನೊಬ್ಳೇ." ಎದ್ದು ಕೈ ತೊಳೆದರು. ತಟ್ಟೆಯಲ್ಲಿ ಊಟ ಹಾಗೇ ಇತ್ತು.

ಗಿರಿಜಾಂಬಾ ಮಗನ ಮೇಲೆ ಏರಿದರು. "ಅಯ್ಯೋ ಮುಂಡೇದೆ! ಭಾನುವಾರ ಮಾಡ್ಬೇಕಿತ್ತು, ಸಂಜೆ ಮಾಡ್ಬೇಕಿತ್ತು. ಶಾಲೆ ಹೊತ್ತಲ್ಲಿ ಮಾಡೋಕೆ ನಿನ್ನ ಬುದ್ಧಿ ಹುಲ್ಲು ಮೇಯೋಕೆ ಹೋಗಿತ್ತಾ?"

"ಸಂಜೆ ಕರೆಂಟ್ ಎಲ್ಲಿತ್ತವ್ವ? ಕರೆಂಟ್ ಇದ್ದಾಗ ಮಾಡಿದ್ವಿ. ಶಾಲೆ ಹೊತ್ತು ಅಂತ ತಲೆಗೇ ಬರ್ಲಿಲ್ಲ."

"ಮೇಷ್ಟ್ರ ಮಗನಿಗೆ ಶಾಲೆ ಹೊತ್ತು ತಲೆಗೆ ಬರ್ಲಿಲ್ವಂತೆ!"

ಮಾರನೇ ದಿನ ಬೆಳಿಗ್ಗೆ, ಏಳರ ಬಸ್ಸಿಗೆ ಮೊದಲೇ ಏಕಾಂತಪ್ಪ ಮನೆಗೆ ಬಂದರು. ಅವರ ಕೈಯಲ್ಲೂ ನೋಟಿಸು. ಕಾಫಿ ಕುಡಿಯುತ್ತ ವಿಷಯ ಬಿಡಿಸಿ ಇಟ್ಟರು.

"ನೋಡಿ ಸಾರ್, ಎರಡೇ ದಾರಿ. ಒಂದು, ಶಾಲೆ ಬಿಟ್ಟು ತರಬೇತಿಗೆ ಹೋಗಿದ್ವಿ, ತಪ್ಪಾಯ್ತು ಅಂತ ಬರೆಯೋದು. ಅಷ್ಟು ದಿನದ ಸಂಬಳ ಹಿಡೀತಾರೆ, ಒಂದು ಇನ್‌ಕ್ರಿಮೆಂಟ್ ಹೋಗುತ್ತೆ. ಎರಡು, ನಿಜ ಬರೆಯೋದು. ಬರೆದ್ರೆ, ಬೇರೆಯವರ ಹೆಸರಲ್ಲಿ ಪರೀಕ್ಷೆ ಬರೆದ ಕೇಸು. ಪೊಲೀಸು. ಶಶಿ ಒಳಗೆ, ಭುವನಮ್ಮ ಒಳಗೆ. ನಾವೆಲ್ಲ ಮೊದಲನೇದೇ ಬರೀತಿದೀವಿ. ನೀವೊಬ್ರು ಬೇರೆ ಬರೆದ್ರೆ ಎಲ್ಲ ಬಿದ್ದೋಗುತ್ತೆ."

"ನಾನು ಶಾಲೆ ಬಿಟ್ಟು ಹೋಗಿಲ್ಲ ಏಕಾಂತಪ್ಪ."

"ಯಾರೂ ಹೋಗಿಲ್ಲ ಸಾರ್. ಅದೇ ತಮಾಷೆ. ಪಾಠ ಮಾಡ್ತಾ ಇದ್ದೋರೆಲ್ಲ ಮಾಡ್ತಿರ್ಲಿಲ್ಲ ಅಂತ ಬರ್ಕೊಡಬೇಕು."

ಏಕಾಂತಪ್ಪ ಹೋದ ಮೇಲೆ ಮನೆಯಲ್ಲಿ ಆರು ದಿನ ಅದೇ ಮಾತು. ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

"ನಿಜಾನೇ ಬರೀರಿ ಮಾವ," ಎಂದಳು ಭುವನಾ. "ಒತ್ತಿದ್ದು ನಾನು. ಬಂದ್ರೆ ನಂಗೇ ಬರಲಿ."

"ತಲೆ ಇದೆಯಾ ನಿಂಗೆ? ಒಂಬತ್ತು ವರ್ಷದ ಮಗು ಬಿಟ್ಟು ಸ್ಟೇಷನ್ನಿಗೆ ಹೋಗ್ತೀಯಾ?" ಎಂದ ಶಶಿಧರ್.

"ಹಾಗಿದ್ರೆ ನೀವು ಹೋಗಿ. ಮಾಡು ಅಂದೋರು ನೀವು."

"ನಿಲ್ಲಿಸ್ರೋ ಇಬ್ರೂ!" ಗಿರಿಜಾಂಬಾ ಸೌಟನ್ನು ನೆಲಕ್ಕೆ ಕುಕ್ಕಿದರು. ಆಮೇಲೆ ಗಂಡನ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. "ನಿಮ್ಮ ಸಹಿ ದೊಡ್ಡದು, ಒಪ್ಕೋತೀನಿ. ಅದನ್ನ ಹಿಡ್ಕೊಂಡು ನಾಳೆ ಮಗ ಸೊಸೇನ ಜೈಲಿಗೆ ಕಳಿಸಿ, ಮೊಮ್ಮಗಳಿಗೆ ನೀವು ಜಡೆ ಹಾಕ್ತೀರಾ? ಒಂದು ಇನ್‌ಕ್ರಿಮೆಂಟ್ ತಾನೆ? ಬರ್ದಾಕಿ."

ಏಳನೇ ದಿನ ಗಂಗಾಧರಪ್ಪ ಬರೆದರು. ಹದಿನಾಲ್ಕು ದಿನ ಅನುಮತಿ ಇಲ್ಲದೆ ಶಾಲೆ ಬಿಟ್ಟು ಹೋಗಿದ್ದೆ, ಹಾಜರಿ ಪುಸ್ತಕದಲ್ಲಿ ತಪ್ಪು ಸಹಿ ಮಾಡಿದ್ದೇನೆ, ಕ್ಷಮಿಸಬೇಕು. ಸುಂದರವಾದ ದುಂಡು ಅಕ್ಷರ. ಬರೆದು ಮುಗಿಸಿ ಸ್ನಾನ ಮಾಡಿದರು.

ಬೇರೆಯವರದೆಲ್ಲ ಎರಡು ಮೂರು ಮೇಷ್ಟ್ರಿರುವ ಶಾಲೆ. ಒಬ್ಬರು ಹೋದರೆ ಇನ್ನೊಬ್ಬರು ನೋಡಿಕೊಂಡರು ಎನ್ನಬಹುದು. ಪಟ್ಟಿಯಲ್ಲಿ ಒಬ್ಬರೇ ಮೇಷ್ಟ್ರಿರುವ ಶಾಲೆ ಗಂಗಾಧರಪ್ಪನವರದು ಮಾತ್ರ. ಅದರಿಂದ ಏನಾಗುತ್ತದೆ ಎಂದು ಏಕಾಂತಪ್ಪನವರೂ ಯೋಚಿಸಿರಲಿಲ್ಲ, ಮನೆಯವರೂ ಯೋಚಿಸಿರಲಿಲ್ಲ. ಯೋಚಿಸಿದವರು ವಿಚಾರಣೆಗೆಂದು ನವೆಂಬರಿನಲ್ಲಿ ಜೀಪು ಹತ್ತಿ ಶಾಲೆಗೆ ಬಂದ, ಶಿಕ್ಷಣ ಇಲಾಖೆಯ ಸೋಮಶೇಖರಪ್ಪ.

ಸೋಮಶೇಖರಪ್ಪ ಕೆಟ್ಟ ಅಧಿಕಾರಿಯಲ್ಲ. ಹತ್ತು ವರ್ಷದ ಹಿಂದೆ ಮೇಷ್ಟ್ರಾಗಿದ್ದಾಗ ಗಂಗಾಧರಪ್ಪನವರ ಶಿಬಿರದಲ್ಲಿ ಕೂತು ಕಾಫಿ ಬೀಜ ಎಣಿಸಿದವರು. ಒಳಗೆ ಬರುತ್ತಲೇ ಕೈಮುಗಿದರು. ಮಕ್ಕಳನ್ನು ಹೊರಗೆ ಆಡಲು ಕಳಿಸಿ, ಪುಸ್ತಕಗಳನ್ನು ತರಿಸಿ ನೋಡಿ, ಅಡುಗೆ ಕೋಣೆಯಿಂದ ತಂಗಮ್ಮನನ್ನು ಕರೆಸಿದರು.

"ಏನಮ್ಮ, ಆಗಸ್ಟ್ ಹದಿನಾಲ್ಕು, ಮಂಗಳವಾರ, ಮೇಷ್ಟ್ರು ಶಾಲೆಗೆ ಬಂದಿದ್ರಾ?"

"ಬಂದಿದ್ರು ಸಾರ್."

"ಅಷ್ಟು ಹಿಂದಿಂದು ನೆನಪಿದೆಯಾ?"

"ಮಾರನೇ ದಿನ ಬಾವುಟ ಏರ್ಸೋದು ಅಲ್ವ? ಅವತ್ತು ದಾರೀಲಿ ಹಲಸಿನ ಮರ ಬಿದ್ದು ಜೀಪು ಬರ್ಲಿಲ್ಲ. ಮೇಷ್ಟ್ರು ಕ್ರಾಸಿಂದ ನಡ್ಕೊಂಡೇ ಬಂದ್ರು, ನೀರಲ್ಲಿ ಅದ್ದಿದ ಕೋಳಿ ಹಂಗೆ. ನನ್ನ ಒಲೆ ಮುಂದೆ ಅಂಗಿ ಒಣಗಿಸ್ಕೊಂಡು, ಒಳಂಗೀಲೇ ಪಾಠ ಮಾಡಿದ್ರು. ಮಕ್ಕಳೆಲ್ಲ ನಕ್ಕಿದ್ದೇ ನಕ್ಕಿದ್ದು. ಕೇಳಿ ಬೇಕಾದ್ರೆ."

ಸೋಮಶೇಖರಪ್ಪ ಗಂಗಾಧರಪ್ಪನವರ ಕಡೆ ತಿರುಗಿದರು. ದನಿ ತಗ್ಗಿಸಿದರು.

"ಸಾರ್, ಈಕೆ ಹೇಳಿದ್ದು ಬರ್ಕೊಂಡ್ರೆ, ಅವತ್ತು ಕಂಪ್ಯೂಟರ್ ಮುಂದೆ ಕೂತಿದ್ದು ಯಾರು ಅಂತ ನಾನು ಕೇಳ್ಬೇಕಾಗುತ್ತೆ. ಆಮೇಲೆ ಅದು ನನ್ನ ಕೈಲಿ ಇರಲ್ಲ."

"ತಂಗಮ್ಮನಿಗೆ ದಿನ ತಪ್ಪಿದೆ," ಎಂದರು ಗಂಗಾಧರಪ್ಪ. "ನಾನು ಬಂದಿರ್ಲಿಲ್ಲ."

"ಅಯ್ಯೋ, ಏನ್ ಸಾರ್ ನೀವು..."

"ನೀನು ಸುಮ್ಮನಿರು ತಂಗಮ್ಮ."

"ಸರಿ," ಎಂದರು ಸೋಮಶೇಖರಪ್ಪ. ಬಿಸಿಯೂಟದ ಪುಸ್ತಕ ತೆರೆದು ಬೆರಳಿಟ್ಟರು. "ಹಾಗಿದ್ರೆ ಇದೊಂದು ಉಳೀತು. ನೀವಿಲ್ಲ ಅಂದ್ರೆ ಶಾಲೆ ಮುಚ್ಚಿತ್ತು. ಶಾಲೆ ಮುಚ್ಚಿದ ದಿನ ಊಟ ಇಲ್ಲ. ಹದಿನಾಲ್ಕು ದಿನವೂ ಇಪ್ಪತ್ತಮೂರು ಮಕ್ಕಳಿಗೆ ಅಕ್ಕಿ ಖರ್ಚು ಅಂತ ಬರೆದಿದೆ. ಮೂವತ್ತೆರಡು ಕಿಲೋ. ಆ ಅಕ್ಕಿ ಎಲ್ಲಿ ಹೋಯ್ತು? ಉಗ್ರಾಣದ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ ಹತ್ರ," ಎಂದಳು ತಂಗಮ್ಮ. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. "ಬೇಯಿಸಿ ಮಕ್ಕಳಿಗೆ ಹಾಕಿದೀನಿ ಸಾರ್. ಮತ್ತೆಲ್ಲಿ ಹೋಗುತ್ತೆ?"

"ಮೇಷ್ಟ್ರಿಲ್ಲದ ದಿನ ಯಾವ ಮಕ್ಕಳು ಬಂದಿದ್ರಮ್ಮ? ಬೀಗದ ಕೈ ನಿನ್ನ ಹತ್ರ. ಅಕ್ಕಿ ಇಲ್ಲ. ನಾನು ಏನು ಬರೀಲಿ?"

ಈಗ ಅವಳಿಗೆ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಮೇಷ್ಟ್ರ ಮುಖ ನೋಡಿದಳು. ಗಂಡ ಸತ್ತ ಮೇಲೆ ಎರಡು ಮಕ್ಕಳನ್ನು ಈ ಅಡುಗೆ ಕೆಲಸದಲ್ಲೇ ಸಾಕುತ್ತಿದ್ದವಳು. ಕೆಲಸಕ್ಕೆ ಸೇರಿಸಿದವರೂ ಗಂಗಾಧರಪ್ಪನವರೇ.

ಹೊರಗೆ ಮಕ್ಕಳು ಕುಂಟೆಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ಗಂಗಾಧರಪ್ಪ ಕಿಟಕಿ ಕಡೆ ನೋಡಿದರು. ನಿಜ ಹೇಳಿದರೆ ಸಿಕ್ಕಿಬೀಳುವವರು ಮಗ, ಸೊಸೆ. ಹೇಳಿದ್ದಕ್ಕೇ ಅಂಟಿಕೊಂಡರೆ ಈಕೆ.

"ಬೀಗದ ಕೈ ಆ ದಿನಗಳಲ್ಲಿ ನಾನು ಇಸ್ಕೊಂಡಿದ್ದೆ," ಎಂದರು. "ಅಕ್ಕಿ ನಾನೇ ಮಾರಿಕೊಂಡೆ. ಹಾಗೇ ಬರ್ಕೊಳ್ಳಿ."

ಸೋಮಶೇಖರಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. "ಸಾರ್, ಇದು ಕಳ್ಳತನ ಆಗುತ್ತೆ. ಬರೀ ಇನ್‌ಕ್ರಿಮೆಂಟ್ ಅಲ್ಲ. ಇನ್ನೆರಡು ತಿಂಗಳಿಗೆ ನಿವೃತ್ತಿ ನಿಮಗೆ. ಇನ್ನೊಂದ್ಸಲ ಯೋಚನೆ ಮಾಡಿ."

"ಮಾಡಿ ಆಯ್ತು. ಬರ್ಕೊಳ್ಳಿ."

"ಸುಳ್ಳು ಸಾರ್!" ತಂಗಮ್ಮ ಕೂಗಿಬಿಟ್ಟಳು. "ನಾನು ಬೇಯಿಸಿದ ಅಕ್ಕಿ ಅದು! ಈ ಕೈಲಿ ಬೇಯಿಸಿದೀನಿ!"

"ತಂಗಮ್ಮ, ಒಲೆ ನೋಡು ಹೋಗು. ಅನ್ನ ಸೀಯ್ತಾ ಇದೆ."

ಡಿಸೆಂಬರ್ ಎರಡನೇ ವಾರ ಅಮಾನತಿನ ಆದೇಶ ಬಂತು. ವಿಚಾರಣೆ ಮುಗಿಯುವವರೆಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಎಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ. ಇಪ್ಪತ್ತೈದು ಜನಕ್ಕೆ ಒಂದೊಂದು ಇನ್‌ಕ್ರಿಮೆಂಟ್ ಹೋಯಿತು. ತಂಗಮ್ಮನ ಕೆಲಸ ಉಳಿಯಿತು. ಅಂಗಡಿಯನ್ನು ಯಾರೂ ಮುಟ್ಟಲಿಲ್ಲ. ಗಿರಿಜಾಂಬಾ ಅಡಿಕೆ ಪುಡಿ ಮಾಡುವ ಕೆಲಸ ಮನೆಗೆ ತಂದುಕೊಂಡರು. ಬೆಳಿಗ್ಗೆ ಏಳಕ್ಕೆ ಬಸ್ಸು ಹಾರ್ನ್ ಹಾಕಿದಾಗ ಗಂಗಾಧರಪ್ಪ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುತ್ತಿದ್ದರು.

ಜನವರಿ ಮೊದಲ ವಾರ ಏಕಾಂತಪ್ಪ ಮತ್ತೆ ಅಂಗಡಿಗೆ ಬಂದರು. ತರಬೇತಿಯ ಎರಡನೇ ಹಂತ ಬಂದಿತ್ತು. ಹೊಸ ನಂಬರುಗಳ ಹಾಳೆ ಮೇಜಿನ ಮೇಲೆ ಇಟ್ಟರು.

"ಈ ಸಲ ಬರೀ ಭಾನುವಾರ, ಶಶಿ. ಕರೆಂಟ್ ಹೋದ್ರೂ ನಡೆಯೋ ಹಾಗೆ ಯುಪಿಎಸ್ ಒಂದು ಹಾಕ್ಕೋ. ಏನೂ ತೊಂದರೆ ಆಗಲ್ಲ."

"ನೀವು ಮನೆ ಕಡೆ ಬಂದ್ರಾ ಸಾರ್, ಅಪ್ಪಾಜೀನ ನೋಡೋಕೆ?"

"ಬರ್ಬೇಕು ಮಾರಾಯ. ಮುಖ ತೋರ್ಸೋಕೆ ಆಗಲ್ಲ ಕಣೋ."

ಶಶಿಧರ್ ಹಾಳೆಯನ್ನು ವಾಪಸು ಕೊಡಲಿಲ್ಲ, ಮನೆಗೆ ತಂದ. ಭುವನಾ ಅದನ್ನು ನೋಡಿ ಒಲೆಗೆ ಹಾಕಿದಳು. ಬಹುಶಃ ಅವನು ಅದಕ್ಕೇ ತಂದಿದ್ದ.

ನಿವೃತ್ತಿಯ ದಿನ, ಜನವರಿ ಮೂವತ್ತೊಂದು, ಯಾರೂ ಶಾಲು ಹೊದಿಸಲು ಬರಲಿಲ್ಲ. ಗಿರಿಜಾಂಬಾ ಹೋಳಿಗೆ ಮಾಡಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸಿ, ಕೊನೆಗೆ ಹುರುಳಿ ಸಾರು, ಅನ್ನ ಮಾಡಿದರು. ಸಂಜೆ ಬೇಗನೆ ಎಲ್ಲರೂ ಊಟಕ್ಕೆ ಕೂತರು. ಭುವನಾ ಬಡಿಸುತ್ತಿದ್ದಳು. ಮೇಘಶ್ರೀ ಬಹಳ ಹೊತ್ತು ಅನ್ನವನ್ನು ಬೆರಳಲ್ಲಿ ಆಡಿಸುತ್ತಿದ್ದಳು.

"ತಿನ್ನೇ, ಆರೋಗುತ್ತೆ," ಎಂದರು ಗಿರಿಜಾಂಬಾ.

"ಅಜ್ಜ," ಎಂದಳು ಮಗು. "ನಮ್ಮ ಕ್ಲಾಸಿನ ಹುಡುಗೀರು ಹೇಳ್ತಾರೆ, ನೀನು ಬಾಳೂರು ಮಕ್ಕಳ ಅಕ್ಕಿ ಕದ್ದೆ ಅಂತ. ನಾನು ಸುಳ್ಳು ಅಂದೆ. ಟೀಚರ್ ಹತ್ರಾನೂ ಹೇಳ್ತೀನಿ ಅಂದೆ. ಸುಳ್ಳು ತಾನೆ?"

ಭುವನಾ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಮಾವನ ಕಡೆ ನೋಡಿದಳು. ಮಗು ಟೀಚರ್ ಹತ್ತಿರ ಹೇಳುತ್ತದೆ. ಟೀಚರ್ ಇನ್ನೊಬ್ಬರ ಹತ್ತಿರ ಹೇಳುತ್ತಾರೆ. ಕಂಪ್ಯೂಟರ್ ಮುಂದೆ ಕೂತಿದ್ದು ಯಾರು ಎಂಬ ಪ್ರಶ್ನೆ ಮತ್ತೆ ಏಳುತ್ತದೆ.

"ಸುಳ್ಳಲ್ಲ ಮಗ," ಎಂದರು ಗಂಗಾಧರಪ್ಪ. "ನಿಜ. ಕದ್ದಿದ್ದೆ."

ಮೇಘಶ್ರೀ ಅಜ್ಜನನ್ನು ನೋಡಿದಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅವಳು ತನ್ನ ತಟ್ಟೆ ಎತ್ತಿಕೊಂಡು, ಅಜ್ಜನ ಪಕ್ಕದಿಂದ ಎದ್ದು, ಅಜ್ಜಿಯ ಆಚೆ ಬದಿಗೆ ಹೋಗಿ ಕೂತಳು.